ಮೆಟ್ಟಿಲಾಗಿ ಮಲಗಿದ ಗೋಡೆ

ಬಲು ಹಿಂದೆ, ಸುವರ್ಣಾದ್ರಿ ಎಂಬ ರಾಜ್ಯದ ರಾಜಧಾನಿಯಲ್ಲಿ ನೀಲವೇಣಿ ಎಂಬ ನದಿ ಹರಿಯುತ್ತಿತ್ತು. ಧೂಮಾಂಗನೆಂಬ ಮಾಂತ್ರಿಕ ಅದರ ಮೇಲೆ ಕಣ್ಣು ಹಾಕಿದ. ಅವನ ಒಂದೇ ಮಂತ್ರಕ್ಕೆ ಊರಿಗೂ ನದಿಗೂ ನಡುವೆ ಕರಿಗೋಡೆ ಎದ್ದಿತು. ಕಣ್ಣಿಗೆ ಕಾಣದ ನದಿಯನ್ನು ಜನ ಮರೆತರು. ಗೋಡೆಯಾಚೆ ಕಸ ಎಸೆದರು, ಕೊಳಚೆ ಹರಿಸಿದರು. ನೀರು ಕಪ್ಪಾದಷ್ಟೂ ಮಾಂತ್ರಿಕನ ಬಲ ಹೆಚ್ಚಿತು.

ರಾಜಕುಮಾರಿ ಪದುಮಲೆ ತನ್ನೂರಿನ ನದಿಯನ್ನು ಒಮ್ಮೆಯೂ ನೋಡಿರಲಿಲ್ಲ. ಒಂದು ದಿನ ಅವಳು ನೇರ ಮಾಂತ್ರಿಕನ ಬಳಿಗೆ ಹೋಗಿ ನದಿಯನ್ನು ಬಿಟ್ಟುಕೊಡೆಂದು ಕೇಳಿದಳು. ಅವನು ನಕ್ಕು ಮೂರು ಕೆಲಸ ಒಡ್ಡಿದ. ಒಂದರಲ್ಲಿ ಸೋತರೂ ಅವಳು ದಡದ ಕಲ್ಲಾಗಬೇಕು. ಅಪ್ಪ ಬೇಡವೆಂದು ಕಣ್ಣೀರಿಟ್ಟರೂ ಪದುಮಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು.

ಮೊದಲ ಕೆಲಸ, ಗೋಡೆ ಇಳಿಸುವುದು. ಸುತ್ತಿಗೆಯ ಪೆಟ್ಟು ಬಿದ್ದಂತೆಲ್ಲ ಗೋಡೆ ಇನ್ನಷ್ಟು ಬೆಳೆಯಿತು. ಅವಳು ಸುತ್ತಿಗೆ ಕೆಳಗಿಟ್ಟು, ಕಲ್ಲಿನ ಮೈ ಸವರಿ, ನಿನಗೇನು ಬೇಕೆಂದು ಕೇಳಿದಳು.

"ನಿಂತು ನಿಂತು ಸಾಕಾಗಿದೆ ತಾಯಿ," ಎಂದಿತು ಕಲ್ಲು.

"ಹಾಗಾದರೆ ನೀವೆಲ್ಲ ನದಿಯ ಕಡೆಗೆ ಮಲಗಿಕೊಳ್ಳಿ."

ಕಲ್ಲುಗಳು ಒಂದರ ಕೆಳಗೊಂದು ಮಲಗಿದವು. ಗೋಡೆ ಹೋಗಿ ನೀರಿನವರೆಗೂ ಅಗಲವಾದ ಮೆಟ್ಟಿಲಾಯಿತು.

ಎರಡನೆಯದು, ಕೊಳಚೆಯ ಹೆಬ್ಬಾವನ್ನು ಪಳಗಿಸುವುದು. ಒಂದು ತಲೆ ಕಡಿದರೆ ಚರಂಡಿಯಿಂದ ಎರಡು ತಲೆ ಬರುತ್ತಿದ್ದವು. ಅವಳು ಕತ್ತಿ ಬಿಟ್ಟು ಚರಂಡಿಗಳ ಬಾಯಿಗೆಲ್ಲ ದಟ್ಟವಾಗಿ ಜೊಂಡು ನೆಟ್ಟಳು. ಜೊಂಡಿನ ನಡುವೆ ನುಸುಳುವಾಗ ಹಾವಿನ ಹೊಲಸು ಪೊರೆ ಸಿಕ್ಕಿಕೊಂಡು ಕಳಚಿತು. ಆಚೆ ಕಡೆಯಿಂದ ಪುಟ್ಟದೊಂದು ಹಸಿರು ನೀರುಹಾವು ಹೊರಬಂದು, ಜೊಂಡು ಸೋಸಿದ ತಿಳಿನೀರಿಗೆ ಇಳಿಯಿತು.

ಮೂರನೆಯದು, ಡಂಗುರವಿಲ್ಲದೆ, ಅಪ್ಪಣೆಯಿಲ್ಲದೆ ಊರವರು ದಡಕ್ಕೆ ಬರಬೇಕು. ಪದುಮಲೆ ಹೊಂಗೆ ಮರ ಬೆಳೆಸಿ, ಬುಡಕ್ಕೆ ಕಟ್ಟೆ ಕಟ್ಟಿಸಿ, ಉಯ್ಯಾಲೆ ಹಾಕಿಸಿದಳು. ಯಾರೂ ಹಾಳು ಮಾಡದಿರಲೆಂದು ಬಾಗಿಲಿಟ್ಟು ಕಾವಲು ನಿಲ್ಲಿಸಿದಳು. ಒಬ್ಬರೂ ಬರಲಿಲ್ಲ. ಮಾಂತ್ರಿಕ ಕೊಟ್ಟ ಗಡುವಿನ ದಿನ ಬಂದು, ಹೊತ್ತು ಇಳಿಯತೊಡಗಿತು. ಅವಳ ಪಾದ ಕಲ್ಲಾಯಿತು, ಮೊಣಕಾಲೂ ಕಲ್ಲಾಯಿತು. ಆಗ ಹೂ ಮಾರುವ ಕೆಂಚವ್ವ ಬಾಗಿಲಾಚೆ ನಿಂತು ಇಣುಕುವುದು ಕಂಡಿತು. ಒಳಗೇಕೆ ಬರುತ್ತಿಲ್ಲವೆಂದು ಪದುಮಲೆ ಕೇಳಿದಳು.

"ಬರೋಕೆ ನಾವ್ಯಾರವ್ವ? ಇದು ಅರಮನೆ ತೋಟ ಅಲ್ವಾ?"

ಪದುಮಲೆಗೆ ತನ್ನ ತಪ್ಪು ತಿಳಿಯಿತು. ಬಾಗಿಲು ಕಿತ್ತು ಹಾಕಿಸಿ, ಕಾವಲಿನವರನ್ನು ಮನೆಗೆ ಕಳಿಸಿದಳು.

"ಇದು ನಿನ್ನದೇ ಜಾಗ ಅಜ್ಜಿ. ಬಾ, ಕೂತ್ಕೋ."

ಕೆಂಚವ್ವ ಬುಟ್ಟಿ ಇಳಿಸಿ, ನೀರಿಗೆ ಕಾಲು ಬಿಟ್ಟು, ಹಾಯೆಂದು ಉಸಿರುಬಿಟ್ಟಳು. ಅವಳನ್ನು ಕಂಡು ನೇಕಾರರು ಬಂದರು, ಬಳೆಗಾರರು ಬಂದರು, ಮಕ್ಕಳು ಉಯ್ಯಾಲೆಗೆ ಮುಗಿಬಿದ್ದರು. ಪದುಮಲೆಯ ಕಾಲಿಗೆ ಮತ್ತೆ ಜೀವ ಬಂತು. ನಗು ಕೇಳಿದಂತೆಲ್ಲ ಮಾಂತ್ರಿಕ ತೆಳ್ಳಗಾಗುತ್ತ ಹೊಗೆಯಾದ, ಹೊಳೆಗಾಳಿಗೆ ಚದುರಿಹೋದ.

ಸಂಜೆ ರಾಜನೂ ಬಂದ. ಮೆಟ್ಟಿಲ ಮೇಲೆ ಕಾಲಿಡಲೂ ಜಾಗವಿರಲಿಲ್ಲ. ಕೆಂಚವ್ವ ತುಸು ಸರಿದು ಅವನಿಗೂ ಪಕ್ಕದಲ್ಲಿ ಜಾಗ ಕೊಟ್ಟಳು.