ಪುರಭವನದ ಮಾದರಿ ಕಾಸು

"ಅಜ್ಜೀ, ಮಧ್ಯಾಹ್ನದ ಗಂಟೆ ಹೊಡೆದ ಕೂಡ್ಲೇ ಮಾರ್ಜರಿನ ಸಂತೆಕಟ್ಟೆ ಮೇಲೆ ಮರದ ಚೌಕಟ್ಟಿಗೆ ಕತ್ತು ಸಿಕ್ಕಿಸಿ ನಿಲ್ಲಿಸ್ತಾರಂತೆ!"

ಕೈಚೀಲ ಹೊಲಿಯುವ ಗಿಲ್ಬರ್ಟ್ ಏದುಸಿರು ಬಿಡುತ್ತ ಸಿಬಿಲಜ್ಜಿಯ ಮನೆಗೆ ನುಗ್ಗಿದ. ಸಾಲ್ಟ್‌ಬಿ ಬಂದರಿನ ಅರ್ಧ ಜನ ಈ ಸೂಲಗಿತ್ತಿಯ ಕೈಯಲ್ಲೇ ಹುಟ್ಟಿದವರು. ಊರಲ್ಲಿ ಏನೇ ಗಂಟು ಬಿದ್ದರೂ ಬಿಡಿಸುವವಳು ಅಜ್ಜಿ, ಬೆನ್ನಿಗೆ ಗಿಲ್ಬರ್ಟ್.

"ಮೀನು ಮಾರೋ ಮಾರ್ಜರಿನಾ? ಏನು ಮಾಡಿದ್ಲು?"

"ಖೋಟಾ ಕಾಸು ಚಲಾಯಿಸಿದ್ಲು ಅಂತ ಕೊಬ್ಬಿನ ದೀಪದ ಬತ್ತಿ ಮಾರೋ ಸಾಹುಕಾರ ಆಂಬ್ರೋಸ್ ದೂರು ಕೊಟ್ಟಿದಾನೆ. ಅಂಗಡಿ ಜಾಗಾನೂ ಹೋಗುತ್ತೆ."

ಪುರಭವನದಲ್ಲಿ ಮಾರ್ಜರಿ ಅತ್ತು ಅತ್ತು ಕಣ್ಣು ಕೆಂಪಗೆ ಮಾಡಿಕೊಂಡಿದ್ದಳು. ಎದುರು ನಿಂತಿದ್ದ ಆಂಬ್ರೋಸ್ ಕಡೆ ಕೈ ತೋರಿಸಿದಳು. "ಈ ಮಹಾರಾಯ ಕೊಟ್ಟ ಕಾಸನ್ನ ಎರಡು ಸಲ ನಾನೇ ವಾಪಸು ಎಸೆದಿದ್ದೆ ಅಜ್ಜಿ! ಬನ್ನಿ, ಸಂತೆ ದಿನ ಇಲ್ಲಿರೋ ಮಾದರಿ ಕಾಸಿಗೆ ಹೋಲಿಸೋಣ ಅಂತ ಹೋದ ವಾರ ಅಂದಿದ್ದೆ. ಈಗ ನೋಡಿದ್ರೆ ನನ್ನದೇ ಖೋಟಾ ಅಂತೆ!"

ನಗರಾಧ್ಯಕ್ಷ ವಾಲ್ಟರ್ ಒಳ್ಳೆಯವನೇ, ಸ್ವಲ್ಪ ಆತುರದ ಬುದ್ಧಿ. ಹಲಗೆಯೊಂದನ್ನು ತೋರಿಸಿದ. ದೊರೆಯ ಅಪ್ಪಣೆ ಪಡೆದವರು ಫಾರ್ದಿಂಗ್ ಎಂಬ ಹೊಸ ಚಿಲ್ಲರೆ ಕಾಸು ಅಚ್ಚು ಹಾಕಿಸಿದಾಗ, ತಾಮ್ರದ ನಡುವೆ ಹಿತ್ತಾಳೆಯ ಚೂರು ಕೂರಿಸಿದ್ದ ಒಂದು ಕಾಸು ಊರಿಗೆ ಮಾದರಿಯಾಗಿ ಬಂದಿತ್ತು. ಅದನ್ನು ಗುಲಾಬಿ ಹೂವಿನ ಮುಖ ಮೇಲಾಗಿ ಕೆಂಪು ಅರಗಿನಿಂದ ಹಲಗೆಗೆ ಅಂಟಿಸಿ ಎರಡು ವರ್ಷವಾಗಿತ್ತು. ಆಮೇಲೆ ಹಿಂಭಾಗವನ್ನು ಯಾರೂ ನೋಡಿರಲಿಲ್ಲ. ಇವತ್ತು ಕಿತ್ತು ನೋಡಿದರೆ ಹಿತ್ತಾಳೆ ಒಂದೇ ಮುಖದಲ್ಲಿ. ಮಾರ್ಜರಿಯ ಕಾಸುಗಳಲ್ಲಿ ಎರಡೂ ಮುಖದಲ್ಲಿ.

"ಮಾದರಿ ಹೇಳಿದ ಮೇಲೆ ಮುಗೀತಲ್ಲ ಅಜ್ಜಿ," ಎಂದ ವಾಲ್ಟರ್.

ಅಜ್ಜಿ ಹಲಗೆಯನ್ನು ಕಿಟಕಿಗೆ ಒಯ್ದಳು. ಗಿಲ್ಬರ್ಟ್ ಬಗ್ಗಿ ನೋಡಿದ. ಕಾಸು ಅಂಟಿಸಿದ್ದ ಕೆಂಪಿನ ಅಂಚಿನಲ್ಲಿ ಸಣ್ಣ ಸಣ್ಣ ಗೀರು.

"ಇಲಿ ಹಲ್ಲು, ಅಷ್ಟೇ," ಎಂದ.

"ಅಷ್ಟೇ ಅಲ್ಲ ಕಣೋ. ಸೈಮನ್, ಈ ವಾರ ಇಲ್ಲಿಗೆ ಯಾರು ಬಂದಿದ್ರಪ್ಪ?"

ಗುಮಾಸ್ತ ಸೈಮನ್ ತೊದಲಿದ. "ಮಂಗಳವಾರ ಸಾಹುಕಾರ್ರು ಬತ್ತಿ ತಂದಿದ್ರು. ನಾನು ಅದನ್ನ ಒಳಗೆ ಜೋಡಿಸಿಡ್ತಾ ಇದ್ದೆ. ಬೇರೆ ಯಾರೂ ಇಲ್ಲ."

"ಇಲ್ಲಿನ ಬೀಗದ ಕೈ ಸೈಮನ್ ಹತ್ರ, ಅರಗೂ ಅವನ ಮೇಜಿನ ಮೇಲೇ ಇದೆ!" ಆಂಬ್ರೋಸ್ ಸಿಡಿದ. "ನನ್ನ ಹೆಸರು ಯಾಕೆ ಎಳೀತೀರಿ?"

ಗಿಲ್ಬರ್ಟನಿಗೂ ಸೈಮನ್ ಮೇಲೇ ಅನುಮಾನ ಬಂತು. ಅಜ್ಜಿ ಮಾತ್ರ ಸಂತೆಯ ಜನರನ್ನೆಲ್ಲ ತಮ್ಮ ತಮ್ಮ ಕಾಸಿನ ಸಮೇತ ಒಳಗೆ ಕರೆಸಿದಳು.

"ನೋಡ್ರಪ್ಪ, ಅರಗನ್ನ ಇಲಿ ತಿನ್ನಲ್ಲ. ಎರಡು ವರ್ಷ ಮೂಸಿಯೂ ನೋಡಿರ್ಲಿಲ್ಲ." ಹಲಗೆಯನ್ನು ಬೆಂಕಿಯ ಬಳಿ ಹಿಡಿದಳು. ಕೆಂಪು ಕರಗಿ ಸುರಿಯಿತು, ದನದ ಕೊಬ್ಬಿನ ವಾಸನೆ ಕೋಣೆಯಿಡೀ ಹಬ್ಬಿತು. "ಇದು ಬಣ್ಣ ಕಲಸಿದ ಕೊಬ್ಬು. ಅಂದ್ರೆ ಯಾರೋ ಮೊನ್ನೆ ಮೊನ್ನೆ ಮಾದರಿ ಕಿತ್ತು ಬೇರೆ ಕಾಸು ಅಂಟಿಸಿದಾರೆ. ಮೇಜಿನ ತುಂಬ ಅರಗು ಇರೋ ಸೈಮನ್‌ಗೆ ಕೊಬ್ಬು ಕಲಸೋ ಕರ್ಮ ಯಾಕೆ?"

"ಕೊಬ್ಬಿನ ಬತ್ತಿ ಊರಲ್ಲಿ ಎಲ್ಲರ ಮನೇಲೂ ಇದೆ," ಎಂದು ಆಂಬ್ರೋಸ್ ನಕ್ಕ.

"ಇದೆ ಕಣಪ್ಪ. ಅದಕ್ಕೇ ಇವರನ್ನೆಲ್ಲ ಕರೆಸಿದ್ದು. ಹಿತ್ತಾಳೆ ಎರಡೂ ಮುಖದಲ್ಲಿ ಇರೋರು ಎಡಕ್ಕೆ ಬನ್ನಿ, ಒಂದೇ ಮುಖದಲ್ಲಿ ಇರೋರು ಬಲಕ್ಕೆ."

ರೊಟ್ಟಿಯವರು, ನೇಕಾರರು, ಬೆಸ್ತರು ಎಲ್ಲ ಎಡಕ್ಕೆ ಸರಿದರು. ಬಲಕ್ಕೆ ನಿಂತವರು ಒಂಬತ್ತೇ ಜನ.

"ನೀವೆಲ್ಲ ಯಾರ ಹತ್ರ ಕೆಲಸ ಮಾಡೋದು?"

"ಆಂಬ್ರೋಸ್ ಸಾಹುಕಾರ್ರ ಹತ್ರ ಅಜ್ಜಿ. ನಿನ್ನೆ ನಮ್ಮ ಕೂಲಿ ಇದೇ ಕಾಸಲ್ಲೇ ಕೊಟ್ರು, ಇನ್ನೂ ಖರ್ಚು ಮಾಡಿಲ್ಲ," ಎಂದನೊಬ್ಬ. ಹೇಳಿ ಮುಗಿಸುವಷ್ಟರಲ್ಲಿ ಅವನಿಗೇ ಹೊಳೆಯಿತು. "ಅಯ್ಯೋ ಪಾಪಿ!" ಎಂದು ಸಾಹುಕಾರನ ಕಡೆ ತಿರುಗಿದ.

"ಅರ್ಧ ಬೆಲೆಗೆ ಖೋಟಾ ಕಾಸು ಕೊಂಡು ಇವರಿಗೆ ಪೂರ್ತಿ ಬೆಲೆಗೆ ದಾಟಿಸ್ತಿದ್ದ," ಎಂದಳು ಅಜ್ಜಿ. "ಮಾರ್ಜರಿ ಹೋಲಿಸೋಣ ಅಂದಾಗ ಜೀವ ಬಾಯಿಗೆ ಬಂತು. ಮಾದರಿಯನ್ನೇ ಬದಲಾಯಿಸಿಬಿಟ್ಟರೆ ಅವಳೇ ಕಳ್ಳಿ, ಇವನೇ ಸಾಚಾ. ಮಂಗಳವಾರ ಸೈಮನ್ ಒಳಗಿದ್ದಾಗ ಬದಲಾಯಿಸಿದ; ಅರಗಿನ ಬದಲು ತನ್ನ ಬತ್ತಿಯ ಕೊಬ್ಬಿಗೇ ಕೆಂಪು ಬಣ್ಣ ಕಲಸಿ ತಂದಿದ್ದ."

ಆಂಬ್ರೋಸ್ ಬಾಗಿಲ ಕಡೆ ಸರಿದಾಗ ಕೂಲಿಯವರು ಅಡ್ಡ ನಿಂತರು. ಅವನು ಒಂಬತ್ತು ಜನರ ಕೂಲಿಯನ್ನೂ ಇವತ್ತೇ ಬೆಳ್ಳಿಯಲ್ಲಿ ಕೊಡಬೇಕೆಂದು ವಾಲ್ಟರ್ ಆಜ್ಞೆ ಮಾಡಿ, ಟೊಪ್ಪಿ ತೆಗೆದು ಮಾರ್ಜರಿಯ ಮುಂದೆ ನಿಂತ. "ತಪ್ಪಾಯ್ತಮ್ಮ."

ಮಾರ್ಜರಿ ಕಣ್ಣೊರೆಸಿಕೊಂಡಳು. "ತಪ್ಪಾಯ್ತು ಅಂದ್ರೆ ಹೊಟ್ಟೆ ತುಂಬುತ್ತಾ ಸ್ವಾಮಿ? ಬೆಳಗ್ಗೆಯಿಂದ ನನ್ನ ಮೀನು ಬಿಸಿಲಲ್ಲಿ ಬಿದ್ದಿದೆ. ಬುಟ್ಟಿ ಬುಟ್ಟಿನೇ ನೀವು ಕೊಳ್ಳಬೇಕು."

ಜನ ಹೋ ಎಂದು ನಕ್ಕರು. ವಾಲ್ಟರ್ ಹಣದ ಚೀಲ ಬಿಚ್ಚಿದ. ಮಧ್ಯಾಹ್ನದ ಗಂಟೆ ಹೊಡೆಯುತ್ತಿತ್ತು. ಮಾರ್ಜರಿ ನಗರಾಧ್ಯಕ್ಷ ಕೊಟ್ಟ ಒಂದೊಂದು ಕಾಸನ್ನೂ ತಿರುವಿ, ಎರಡೂ ಮುಖ ನೋಡಿ, ಆಮೇಲೆಯೇ ಜೇಬಿಗೆ ಹಾಕಿಕೊಂಡಳು.