ಹಸಿರು ಕಾರಿನ ಹಕ್ಕಿ

ಹೊದಿಕೆ ಎಳೆದರು. ಹಸಿರು ಕಾರಿನ ಮೂಗಿನ ಮೇಲೆ ಹಕ್ಕಿ ಇರಲಿಲ್ಲ.

ರೆಕ್ಕೆ ಬಿಚ್ಚಿದ, ಅಂಗೈಯಗಲದ ಲೋಹದ ಹಕ್ಕಿ. ಕಾರಿಗೆ ಎಪ್ಪತ್ತು ವರ್ಷ, ಹಕ್ಕಿಗೂ ಅಷ್ಟೇ. ಬೆಳಿಗ್ಗೆ ನಲವತ್ತು ಹಳೆಯ ಕಾರುಗಳು ಸಾಲಾಗಿ ಊರು ಸುತ್ತಿ ಮೈದಾನಕ್ಕೆ ಬಂದಾಗ ಜನ ಮೊದಲು ಬೆರಳು ಮಾಡಿ ತೋರಿಸಿದ್ದು ಅದನ್ನೇ. ಈಗ ತೀರ್ಪುಗಾರರು ನೋಡಲು ಬಂದರೆ ಅಲ್ಲಿ ಉಳಿದದ್ದು ಎರಡು ತೂತು.

ಕಾರಿನ ಒಡೆಯ ಡಾಕ್ಟರು ಬಗ್ಗಿ ತೂತುಗಳನ್ನೇ ನೋಡಿದರು. ಅವರ ಬಾಮೈದನೇ ಮಾತಾಡಿದ.

"ಹೊದಿಕೆ ಹೊದಿಸಿದ್ದು ನಾನೇ ಭಾವ. ಆಗ ಇತ್ತು. ಊಟದ ಹೊತ್ತಲ್ಲಿ ಆ ಮೆಕ್ಯಾನಿಕ್ ಹೊದಿಕೆ ಒಳಗೆ ತಲೆ ತೂರಿಸ್ಕೊಂಡು ನಿಂತಿದ್ದ. ಕೈಯಲ್ಲಿ ಸ್ಪ್ಯಾನರ್."

ಎಲ್ಲರ ಕಣ್ಣೂ ಪಕ್ಕದ ಕೆಂಪು ಕಾರಿನತ್ತ ತಿರುಗಿತು.

ಕೆಂಪು ಕಾರು ಮೂವರು ಸ್ನೇಹಿತರದು. ಗುಜರಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದನ್ನು ಹೊತ್ತು ತಂದವರು ನಿವೃತ್ತ ಮೇಷ್ಟ್ರು. ಎಂಜಿನ್ನಿಗೆ ಜೀವ ಕೊಟ್ಟವನು ಮೆಕ್ಯಾನಿಕ್. ಸೀಟು ಹೊಲಿದವಳು ಸೀಟಕ್ಕ. ಅವಳಿಗೆ ಅರವತ್ತೆಂಟು. ಮೈದಾನದಲ್ಲಿದ್ದ ಅರ್ಧ ಕಾರುಗಳ ಸೀಟು ಅವಳ ಕೈಯದೇ, ಹಸಿರು ಕಾರಿನದೂ. ಆರು ವರ್ಷದ ಭಾನುವಾರಗಳನ್ನೆಲ್ಲ ತಿಂದು, ಕೆಂಪು ಕಾರು ರಸ್ತೆಗಿಳಿದದ್ದು ಇವತ್ತೇ ಮೊದಲು.

ಹಳೆಯ ಕಾರುಗಳ ಸಂಘದ ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು. "ಮೂರು ಗಂಟೆಗೆ ಸಾಲು ವಾಪಸು ಹೊರಡುತ್ತೆ. ಅಷ್ಟರಲ್ಲಿ ಇತ್ಯರ್ಥ ಆಗ್ಲಿಲ್ಲ ಅಂದ್ರೆ ಕೆಂಪು ಕಾರು ಸಾಲಲ್ಲಿ ಬೇಡ. ಪೊಲೀಸಿನವರು ನೋಡ್ಕೊಳ್ತಾರೆ."

ಆಗ ಎರಡೂಕಾಲು.

ಮೆಕ್ಯಾನಿಕ್ ತನ್ನ ಕೈಗಳನ್ನೇ ನೋಡಿಕೊಂಡ. "ಅವರ ಕಾರಿಂದ ನೀರು ತೊಟ್ಟಿಕ್ತಿತ್ತು ಅಕ್ಕ. ಬಾನೆಟ್ಟಿನ ಪಕ್ಕ ಎತ್ತಿ ಪೈಪಿನ ಕ್ಲಿಪ್ ಬಿಗಿ ಮಾಡ್ದೆ, ಅಷ್ಟೇ. ಮೂಗಿನ ಕಡೆ ಹೊದಿಕೆ ಎತ್ತಲೇ ಇಲ್ಲ."

"ಒಂದು ಮಾತು ಹೇಳಿ ಮಾಡ್ಬಾರ್ದಿತ್ತಾ?"

"ಊಟಕ್ಕೆ ಕೂತಿದ್ರು, ಎಬ್ಬಿಸೋದು ಯಾಕೆ ಅಂತ. ನಲವತ್ತು ವರ್ಷ ಜನ ಕಾರಿನ ಕೀಲಿಕೈ ನನ್ನ ಕೈಗೆ ಹಾಕಿ ನಿಶ್ಚಿಂತೆಯಾಗಿ ಮನೆಗೆ ಹೋಗಿದಾರೆ. ಒಂದು ಬೋಲ್ಟ್ ಕಮ್ಮಿ ಅಂತ ಯಾರೂ ಅಂದಿಲ್ಲ."

"ಬಿಡ್ರಪ್ಪ," ಎಂದರು ಮೇಷ್ಟ್ರು. "ಮೆರವಣಿಗೆ ಹೋದ್ರೆ ಹೋಗ್ಲಿ."

"ಮೆರವಣಿಗೆ ಮುಂದಿನ ವರ್ಷ ಮತ್ತೆ ಬರುತ್ತೆ ಮೇಷ್ಟ್ರೇ. ಹೋದ ಹೆಸರು ಬರಲ್ಲ." ಸೀಟಕ್ಕ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಎದ್ದಳು.

* * *

ಮೊದಲು ಹೋದದ್ದು ಕಪ್ಪು ಕಾರಿನ ಮೀಸೆಯವರ ಹತ್ತಿರ.

"ಹೋದ ವರ್ಷ ಆ ಹಕ್ಕಿ ನಂಗೆ ಕೊಡಿ ಅಂತ ಡಾಕ್ಟರ ಬೆನ್ನು ಬಿದ್ದಿದ್ರಲ್ಲ ನೀವು?"

"ಬಿದ್ದಿದ್ದೆ. ಈಗ್ಲೂ ಆಸೆ ಇದೆ." ಅವರು ತಾವೇ ಡಿಕ್ಕಿ ತೆರೆದು ತೋರಿಸಿದರು. ಟೈರು, ನೀರಿನ ಕ್ಯಾನು, ಊಟದ ಡಬ್ಬಿ. "ಆದ್ರೆ ಕದ್ದು ಎಲ್ಲಿ ಕೂರಿಸ್ಲಿ ಸೀಟಕ್ಕ? ಕೂರಿಸಿದ ದಿನವೇ ನಲವತ್ತು ಜನ ಗುರುತು ಹಿಡೀತಾರೆ. ನನ್ನ ಮೀಸೆ ದೊಡ್ಡದು, ನಿಜ. ಬುದ್ಧಿ ಅಷ್ಟು ಸಣ್ಣದಲ್ಲ."

ಮಾತು ಸರಿಯಿತ್ತು. ಹಾಗಾದರೆ ತೋರಿಸಲಾಗದ ಹಕ್ಕಿಯನ್ನು ಯಾರು ಕದಿಯುತ್ತಾರೆ? ಅದು ಯಾರ ಕಣ್ಣಿಗೂ ಬೀಳಬಾರದು ಎನ್ನುವವರು.

ಅವಳು ಹಸಿರು ಕಾರಿನ ಮುಂದೆ ಬಗ್ಗಿದಳು. ಬಾನೆಟ್ಟಿನ ತುಂಬ ದಾರಿಯ ಧೂಳು. ತೂತುಗಳ ಸುತ್ತ ಅಂಗೈಯಗಲ ಮಾತ್ರ ಲಕಲಕ. ಆ ಹೊಳಪಿನ ನಡುವೆ ಬಿಳಿ ಕಲೆ. ಉಗುರಿನಿಂದ ಕೆರೆದಳು, ಬಿಡಲಿಲ್ಲ. ಮೂಸಿದಳು. ಮೇಣದ ಪಾಲಿಶ್.

"ಡಾಕ್ಟರೇ, ನೀವು ಮೈದಾನಕ್ಕೆ ಬಂದಿದ್ದು ಎಷ್ಟೊತ್ತಿಗೆ?"

"ಹನ್ನೊಂದಕ್ಕೆ. ಬಂದವನೇ ಹೆಸರು ಬರೆಸಕ್ಕೆ ಹೋದೆ. ಹತ್ತು ನಿಮಿಷಕ್ಕೆ ವಾಪಸು ಬಂದಾಗ ಇವನು ಹೊದಿಕೆ ಹೊದಿಸಿ ಆಗಿತ್ತು. ಊಟ ಒಂದೂವರೆಗೆ."

"ನಮ್ಮ ಕೆಂಪು ಕಾರು?"

ಕಾರ್ಯದರ್ಶಿ ಪಟ್ಟಿ ನೋಡಿದರು. "ಕೊನೇದು. ಹನ್ನೆರಡೂಕಾಲು."

"ದಾರೀಲಿ ಬೆಲ್ಟ್ ಹರೀತು. ಇವನು ಒಂದು ಗಂಟೆ ಕಾರಿನ ಕೆಳಗೇ ಮಲಗಿದ್ದ," ಎಂದರು ಮೇಷ್ಟ್ರು.

ಸೀಟಕ್ಕ ಹಸಿರು ಕಾರಿನ ಹಿಂದಿನ ಸೀಟಿಗೆ ಹತ್ತಿ ಕೂತಳು. ಮುಂದಿನ ಸೀಟಿನ ಬೆನ್ನ ಮೇಲೆ, ಮಗುವಿನ ಮೈದಡವುವ ಹಾಗೆ, ಕೈಯಾಡಿಸಿದಳು. ಕೈ ಕೆಳಗಿಳಿಯಿತು. ಒಂದು ಕಡೆ ನಿಂತಿತು.

"ಕಾರ್ಯದರ್ಶಿಗಳೇ, ಎಲ್ಲರನ್ನೂ ಕರೀರಿ."

* * *

"ಬಿಸಿ ಬಾನೆಟ್ಟಿಗೆ ಪಾಲಿಶ್ ಹಾಕಿದ್ರೆ ಏನಾಗುತ್ತೆ?" ಸೀಟಕ್ಕ ಕೇಳಿದಳು.

"ಸುಟ್ಟು ಕಲೆ ಕೂರುತ್ತೆ," ನಾಲ್ಕೈದು ಜನ ಒಟ್ಟಿಗೆ ಹೇಳಿದರು.

"ತಣ್ಣಗಿದ್ರೆ?"

"ಏನೂ ಆಗಲ್ಲ."

"ನೋಡಿ ಮತ್ತೆ. ಧೂಳಲ್ಲಿ ತನ್ನ ಬೆರಳಚ್ಚು ಉಳೀತು ಅಂತ ಕಳ್ಳ ಅದನ್ನ ಪಾಲಿಶ್ ಹಾಕಿ ಒರೆಸಿದಾನೆ. ಒರೆಸಿದ ಜಾಗ ಸುಟ್ಟಿದೆ. ಅಂದ್ರೆ ಆಗ ಕಾರು ಬಿಸಿ ಇತ್ತು. ಹನ್ನೊಂದಕ್ಕೆ ನಿಂತ ಕಾರು ಒಂದೂವರೆಗೆ, ಹೊದಿಕೆ ಕೆಳಗೆ, ಬಿಸಿ ಇರುತ್ತಾ? ಹಕ್ಕಿ ಹೋಗಿದ್ದು ಕಾರು ಬಂದ ಹತ್ತು ನಿಮಿಷದಲ್ಲಿ. ಆಗ ನಮ್ಮ ಮೆಕ್ಯಾನಿಕ್ ಮೈದಾನಕ್ಕೇ ಬಂದಿರಲಿಲ್ಲ. ಇನ್ನೊಂದು ಮಾತು. ನಲವತ್ತು ವರ್ಷ ಗ್ಯಾರೇಜಲ್ಲಿ ಬೆಂದವನು ಬಿಸಿ ಬಾನೆಟ್ಟಿಗೆ ಪಾಲಿಶ್ ಮುಟ್ಟಿಸ್ತಾನಾ?"

ಬಾಮೈದನ ಕೈ ಮೆಲ್ಲಗೆ, ಪಾಲಿಶ್ ಬಟ್ಟೆ ಇಣುಕುತ್ತಿದ್ದ ತನ್ನ ಪ್ಯಾಂಟಿನ ಜೇಬಿಗೆ ಹೋಯಿತು.

"ಹೆಗಲು ಮುಟ್ಟಿ ನೋಡ್ಕೋಬೇಡಪ್ಪ, ನಾನಿನ್ನೂ ಕುಂಬಳಕಾಯಿ ಅಂದೇ ಇಲ್ಲ," ಎಂದಳು ಸೀಟಕ್ಕ. ಯಾರೋ ಕಿಸಕ್ಕೆಂದರು. "ನಾನು ಹೊಲಿದ ಎಲ್ಲ ಸೀಟಿನ ಬೆನ್ನ ಕೆಳಗೂ ಕೈ ಹೋಗುವಷ್ಟು ಬಾಯಿ ಬಿಟ್ಟಿರ್ತೀನಿ, ಸ್ಪ್ರಿಂಗ್ ಸರಿ ಮಾಡೋಕೆ. ಅದನ್ನ ದಾರದಿಂದ ಕಟ್ಟಿ, ನಮ್ಮವ್ವ ಕಲಿಸಿದ ಗಂಟು ಹಾಕ್ತೀನಿ. ಕತ್ತರಿಸದೆ ಬಿಚ್ಚಕ್ಕಾಗಲ್ಲ. ಇವತ್ತು ಅಲ್ಲಿ ಬೂಟಿನ ಲೇಸಿಗೆ ಹಾಕೋ ಥರದ ಗಂಟಿದೆ. ನಾನು ಈ ಸೀಟು ಹೊಲಿಯೋವಾಗ ದಿನಾ ಪಕ್ಕದಲ್ಲಿ ಕೂತು, 'ಈ ತೂತು ಯಾಕಕ್ಕ' ಅಂತ ಕೇಳಿದವನು ಒಬ್ಬನೇ."

ಡಾಕ್ಟರು ಸೀಟಿನೊಳಗೆ ಕೈ ಹಾಕಿದರು. ಹಕ್ಕಿ ಬಂತು. ಎಡರೆಕ್ಕೆಯ ಬುಡದಲ್ಲಿ ಬಿರುಕು, ಬಿರುಕಿನ ತುಂಬ ಗೋಂದು.

"ಹೋದ ವಾರ ಒರೆಸೋವಾಗ ಕೈಜಾರಿ ಬಿತ್ತು ಭಾವ," ಬಾಮೈದ ನೆಲ ನೋಡುತ್ತ ಹೇಳಿದ. "ಅಂಟಿಸಿದ್ದೆ. ತೀರ್ಪುಗಾರರು ಮುಟ್ಟಿ ನೋಡ್ತಾರೆ ಅಂತ ಇಲ್ಲಿಗೆ ಬಂದ ಮೇಲೇ ಗೊತ್ತಾಯ್ತು. ಮನೇಲಿರೋ ನಮ್ಮಕ್ಕನಿಗೂ ನಿಮಗೂ ಹೆದರಿಕೊಂಡೆ."

"ಹಕ್ಕಿ ಒಡೆದಿದ್ದು ತಪ್ಪಲ್ಲ," ಎಂದಳು ಸೀಟಕ್ಕ. "ಬಚ್ಚಿಟ್ಟಿದ್ದೂ ಹುಡುಗಾಟ ಅನ್ನೋಣ. ಇವನ ಹೆಸರಿಗೆ ಕೈ ಹಾಕಿದೆಯಲ್ಲ, ಕಳ್ಳತನ ಅದು. ಅದನ್ನ ನನ್ನ ಮುಂದೆ ಅಲ್ಲ, ಅವನ ಮುಂದೆ ನಿಂತು ಹೇಳು. ಎಲ್ಲರಿಗೂ ಕೇಳೋ ಹಾಗೆ."

ಬಾಮೈದ ಹೇಳಿದ. ಡಾಕ್ಟರೂ ಬಂದು ಮೆಕ್ಯಾನಿಕ್ಕನ ಕೈ ಹಿಡಿದುಕೊಂಡರು. ಅವನು ಹಕ್ಕಿಯನ್ನು ಇಸಿದುಕೊಂಡು ಬಿಸಿಲಿಗೆ ಹಿಡಿದು ನೋಡಿದ.

"ಬೆಸುಗೆ ಹಾಕಬಹುದು ಡಾಕ್ಟರೇ. ಸೋಮವಾರ ತನ್ನಿ. ಬಿರುಕು ಎಲ್ಲಿತ್ತು ಅಂತ ನಿಮಗೇ ಗೊತ್ತಾಗಲ್ಲ."

* * *

ಮೂರು ಗಂಟೆಗೆ ಸಾಲು ಹೊರಟಿತು. ಕಾರ್ಯದರ್ಶಿ ತಾವಾಗಿಯೇ ಕೆಂಪು ಕಾರನ್ನು ಎಲ್ಲಕ್ಕಿಂತ ಮುಂದೆ ನಿಲ್ಲಿಸಿದ್ದರು. ಮೇಷ್ಟ್ರು ಕೀಲಿಕೈಯನ್ನು ಮೆಕ್ಯಾನಿಕ್ಕನ ಅಂಗೈಗೆ ಹಾಕಿ ಪಕ್ಕದಲ್ಲಿ ಕೂತರು. ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಹಿಂದೆ ಮೂವತ್ತೊಂಬತ್ತು ಹಾರ್ನುಗಳು ಕೂಗಿದವು. ರಸ್ತೆಯ ಎರಡೂ ಕಡೆ ಜನ. ಮೆಕ್ಯಾನಿಕ್ ನಾಚಿಕೆಯಿಂದ ಸ್ಟೀರಿಂಗಿನ ಮೇಲೆ ಬಗ್ಗಿದ.

ಹಿಂದಿನಿಂದ ಸೀಟಕ್ಕ ಅವನ ಭುಜಕ್ಕೆ ತಟ್ಟಿದಳು.

"ಬೆನ್ನು ನೆಟ್ಟಗೆ ಮಾಡ್ಕೊಂಡು ಕೂತ್ಕೊಳೋ. ಮುದುರಿ ಕೂರೋರಿಗೆ ಹೊಲಿದ ಸೀಟಲ್ಲ ಅದು."