ಜೋರಾಗಿ ಓದಬೇಕಾದ ಪುಟ

2005ರ ನವೆಂಬರ್ 7, ಸೋಮವಾರ. ಬೆಳಿಗ್ಗೆ ಒಂಬತ್ತಕ್ಕೆ ಥಾಕಾವು ಕ್ಯಾನಿಂಗ್ ಕಂಪನಿಯ ಮ್ಯಾನೇಜರ್ ಹ್ಯಾಡ್ರೆಲ್ ದ್ವೀಪದ ಬಂದರು ಪಟ್ಟಣ ಸುವಾದ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಗೋದಾಮಿನಲ್ಲಿ ಇಲ್ಲದ ಮೀನಿನ ಡಬ್ಬಿಗಳನ್ನು ಇವೆಯೆಂದು ತೋರಿಸಿ ಸಿಡ್ನಿಯ ಮುಖ್ಯ ಕಚೇರಿಗೆ ತಿಂಗಳುಗಟ್ಟಲೆ ಫ್ಯಾಕ್ಸ್ ಹೋಗಿದೆ. ಕಳಿಸಿದವರು ಫ್ಯಾಕ್ಸ್ ಕೋಣೆಯ ಗುಮಾಸ್ತರಾದ ಇಸಿಕೇಲಿ ಮತ್ತು ಮೆರೆಯೋನಿ. ಇಬ್ಬರನ್ನೂ ಬಂಧಿಸಬೇಕು ಎಂಬುದು ದೂರಿನ ಸಾರಾಂಶ.

ಇನ್ಸ್‌ಪೆಕ್ಟರ್ ವಸಿತಿ ದೂರನ್ನು ದಾಖಲಿಸಿಕೊಂಡು, ಕಾನ್‌ಸ್ಟೆಬಲ್ ಗೌಂಡರನ್ನು ಕರೆದುಕೊಂಡು ಕಾರ್ಖಾನೆಗೆ ಹೋದರು.

ಮೊದಲು ಗೋದಾಮಿನ ಮಹಜರು ನಡೆಯಿತು. ಮುಂದಿನ ಸಾಲಿನ ರಟ್ಟಿನ ಪೆಟ್ಟಿಗೆಗಳು ಭಾರವಾಗಿದ್ದವು. ಗೌಂಡರ್ ಹಿಂದಿನ ಸಾಲಿಗೆ ಕೈಯಿಟ್ಟ ಕೂಡಲೇ ನಾಲ್ಕು ಪೆಟ್ಟಿಗೆಗಳು ಒಟ್ಟಿಗೆ ಉರುಳಿದವು. ಎಲ್ಲವೂ ಖಾಲಿ.

“ನಮ್ಮ ಮೆಸ್ಸಿನ ಸಾರಿನ ಥರ ಮೇಡಂ. ಮೇಲೆ ನೋಡಿದ್ರೆ ಮಾತ್ರ ಮೀನು,” ಎಂದ.

“ಬರ್ಕೋ,” ಎಂದರು ವಸಿತಿ.

ಹ್ಯಾಡ್ರೆಲ್ ನಿಯಮ ವಿವರಿಸಿದರು. ಸಿಡ್ನಿಯ ಷೇರುಪೇಟೆಯಲ್ಲಿರುವ ಕಂಪನಿ. ಲೆಕ್ಕಪತ್ರದ ಒಂದು ಹಾಳೆಯೂ ಫ್ಯಾಕ್ಸ್ ಕೋಣೆ ಬಿಟ್ಟು ಬೇರೆ ದಾರಿಯಿಂದ ಹೊರಗೆ ಹೋಗುವಂತಿಲ್ಲ. ಪ್ರತಿ ತಿಂಗಳು ಗೋದಾಮು ತನ್ನ ಕೈಬರಹದ ಎಣಿಕೆ ಹಾಳೆ ಕೊಡುತ್ತದೆ, ಸಹಾಯಕ ಅಕೌಂಟೆಂಟ್ ಸಮಿಸೋನಿ ಅದನ್ನು ಟೈಪು ಮಾಡಿಸುತ್ತಾನೆ. ಎರಡೂ ಹಾಳೆ ಫ್ಯಾಕ್ಸ್ ಕೋಣೆಗೆ ಬಂದಮೇಲೆ ಒಬ್ಬರು ಎಣಿಕೆ ಹಾಳೆಯನ್ನು ಜೋರಾಗಿ ಓದಬೇಕು, ಇನ್ನೊಬ್ಬರು ಟೈಪಾದ ಪುಟದ ಮೇಲೆ ಬೆರಳಿಟ್ಟು ಪ್ರತಿ ಸಾಲಿಗೂ ‘ಸರಿ’ ಎನ್ನಬೇಕು. ಆಮೇಲೆ ಇಬ್ಬರ ಸಹಿ. ಟೈಪಾದ ಪುಟವೊಂದೇ ಸಿಡ್ನಿಗೆ ಹೋಗುತ್ತದೆ.

“ಸಮಿಸೋನಿ ಕೊಟ್ಟ ಪುಟ ತಪ್ಪಾಗಿದ್ದರೆ ಓದುವಾಗಲೇ ಸಿಕ್ಕಿಬೀಳಬೇಕಿತ್ತು. ಸಿಕ್ಕಿಲ್ಲ ಅಂದರೆ ಆಮೇಲೆ ಪುಟ ಬದಲಾಯಿಸಿದವರು ಇವರೇ. ಇಷ್ಟು ಸುಲಭ,” ಎಂದರು ಹ್ಯಾಡ್ರೆಲ್.

ಸಮಿಸೋನಿಯೂ ತಲೆಯಾಡಿಸಿದ. ನಗುಮುಖದ, ಐವತ್ತರ ಆಸುಪಾಸಿನ ಮನುಷ್ಯ. ಪೊಲೀಸರಿಗೆಂದು ಬೇಯಿಸಿದ ಮರಗೆಣಸನ್ನು ತಾನೇ ತಟ್ಟೆಯಲ್ಲಿ ತಂದಿಟ್ಟಿದ್ದ. “ತಿನ್ನು ಗೌಂಡರ್, ಹಸಿದು ನೀನು ಬಿದ್ದರೆ ನಿನ್ನ ಮೇಡಮ್ಮೇ ಹೊರಬೇಕಾಗ್ತದೆ,” ಎಂದು ತಮಾಷೆ ಮಾಡಿದ.

ಫ್ಯಾಕ್ಸ್ ಕೋಣೆ ಚಿಕ್ಕದು. ಒಂದು ಮೇಜು, ಎರಡು ಕುರ್ಚಿ. ಫ್ಯಾನಿನ ಕೆಳಗಿನ ಕುರ್ಚಿಗೆ ದಿಂಬು ಹಾಕಿತ್ತು. ಅಲ್ಲಿ ಮೆರೆಯೋನಿ ಕುಳಿತಿದ್ದಳು. ಬಿಸಿಲು ಬೀಳುವ ಕಿಟಕಿಯ ಬದಿಯಲ್ಲಿ ಇಸಿಕೇಲಿ. ಅವನು ಒಂದು ಲೋಟ ಚಹಾ ತಂದು, ನೊಣ ಬೀಳದಂತೆ ಸಾಸರು ಮುಚ್ಚಿ, ಮೇಜಿನ ಮಧ್ಯದಲ್ಲಿಟ್ಟು ಹಿಂದೆ ಸರಿದ. ಅವನು ಸರಿದ ಮೇಲೆ ಅವಳು ಕೈಚಾಚಿ ತೆಗೆದುಕೊಂಡಳು.

“ಎಣಿಕೆ ಹಾಳೆಗಳು ಯಾವ ಬೀರುವಿನಲ್ಲಿ?” ಎಂದು ವಸಿತಿ ಕೇಳಿದರು.

ಇಸಿಕೇಲಿ ಗೌಂಡರನ ಕಡೆ ತಿರುಗಿದ. “ಕೀಲಿ ಆ ಕಡೆ ಇದೆ. ಸ್ವಲ್ಪ ಕೇಳ್ತೀರಾ?”

ಮೂರು ಅಡಿ ದೂರದಲ್ಲಿ ಕುಳಿತಿದ್ದ ಮೆರೆಯೋನಿ ತಲೆ ತಗ್ಗಿಸಿಕೊಂಡೇ ಕೀಲಿಯನ್ನು ಮೇಜಿನ ಅಂಚಿಗೆ ತಳ್ಳಿದಳು.

ಹೊರಗೆ ಬಂದಮೇಲೆ ಗೌಂಡರ್ ಕೇಳಿದ: “ಜಗಳಾನಾ ಮೇಡಂ? ನಮ್ಮನೇಲೂ ಹಿಂಗೇ. ಉಪ್ಪು ಬೇಕಂದ್ರೆ ಮಗಳ ಕೈಲಿ ಹೇಳಿಸ್ಬೇಕು.”

“ಜಗಳ ಅಲ್ಲ. ಮರ್ಯಾದೆ,” ಎಂದರು ವಸಿತಿ. “ಇವರಿಬ್ಬರ ಊರು ವಿಚಾರಿಸು. ಸಮಿಸೋನಿಯದ್ದೂ.”

ಮಾರನೆಯ ದಿನ ಇಬ್ಬರನ್ನೂ ಠಾಣೆಯಲ್ಲಿ ಬೇರೆಬೇರೆಯಾಗಿ ವಿಚಾರಿಸಲಾಯಿತು. ಉತ್ತರ ಹೇಳಲೇಬೇಕೆಂದಿಲ್ಲ, ಹೇಳಿದರೆ ಅದು ಸಾಕ್ಷ್ಯವಾಗುತ್ತದೆ ಎಂದು ಮೊದಲೇ ತಿಳಿಸಲಾಯಿತು.

“ಪುಟ ಬದಲಾಯಿಸಿದ್ದು ನಾನೇ. ಅವಳಿಗೇನೂ ಗೊತ್ತಿಲ್ಲ,” ಎಂದ ಇಸಿಕೇಲಿ.

“ಹೇಗೆ ಬದಲಾಯಿಸಿದಿರಿ?”

“ಬದಲಾಯಿಸಿದೆ.”

“ಟೈಪು ಮಾಡಿದ್ದು ಯಾವ ಯಂತ್ರದಲ್ಲಿ?”

ಅವನಿಗೆ ತಿಳಿದಿರಲಿಲ್ಲ.

ಪಕ್ಕದ ಕೋಣೆಯಲ್ಲಿ ಮೆರೆಯೋನಿಯೂ ಅದನ್ನೇ ಹೇಳಿದಳು. “ನಾನೇ ಮಾಡಿದ್ದು, ಅಕ್ಕ. ಆ ಕಡೆಯವರನ್ನ ಬಿಟ್ಟುಬಿಡಿ.” ಅವನ ಹೆಸರನ್ನೂ ಅವಳು ಬಾಯಲ್ಲಿ ತರಲಿಲ್ಲ.

ವಸಿತಿ ಪೆನ್ನು ಕೆಳಗಿಟ್ಟರು. “ನಿಮ್ಮ ತಾಯಿ, ಅವರ ತಾಯಿ ಅಕ್ಕತಂಗಿಯರು. ಅಲ್ಲವಾ?”

ಮೆರೆಯೋನಿ ಹೌದೆಂದು ತಲೆಯಾಡಿಸಿದಳು.

“ನಾನೂ ದ್ವೀಪದಲ್ಲೇ ಬೆಳೆದವಳು. ನಮ್ಮಲ್ಲಿ ಅಕ್ಕತಂಗಿಯರ ಮಕ್ಕಳು ಒಡಹುಟ್ಟಿದವರೇ; ದೊಡ್ಡವರಾದ ಮೇಲೆ ಅಣ್ಣತಂಗಿ ನೇರ ಮಾತಾಡೋ ಹಾಗಿಲ್ಲ. ನನ್ನ ಅಣ್ಣನ ಜೊತೆ ನಾನೂ ಮಾತಾಡೋದಿಲ್ಲ. ಆ ಪುಟಗಳನ್ನ ನೀವು ಯಾವತ್ತಾದರೂ ಜೋರಾಗಿ ಓದಿದ್ದೀರಾ?”

ಅವಳು ಅಳತೊಡಗಿದಳು. ಗೌಂಡರ್ ನೀರು ತಂದಿಟ್ಟು, ಕೇಳಿದವರಿಲ್ಲದಿದ್ದರೂ ಫ್ಯಾನನ್ನು ಅವಳ ಕಡೆ ತಿರುಗಿಸಿದ.

“ಆ ಕಡೆಯವರು ಎಣಿಕೆ ಹಾಳೆ ನೋಡ್ತಿದ್ದರು, ನಾನು ಟೈಪಾದದ್ದು. ಅವರವರ ಹಾಳೆಯಲ್ಲಿ ಕೂಡಿಸಿದ್ದು ಸರಿಯಾಗಿರ್ತಿತ್ತು. ಸಹಿ ಹಾಕ್ತಿದ್ವಿ. ಒಂದರ ಪಕ್ಕ ಒಂದು ಇಟ್ಟು ನೋಡಬೇಕಂದ್ರೆ ಇಬ್ರೂ ಬಗ್ಗಿ ಕೂರಬೇಕು. ಮಾತಾಡಬೇಕು. ನಮಗೆ ಹೇಗಾಗ್ತದೆ, ಅಕ್ಕ?”

“ಬೇರೆ ಜಾಗ ಕೇಳಲಿಲ್ಲವೇ?”

“ಆ ಕೋಣೆಗೆ ಹಾಕಿದವರು ನಮ್ಮೂರಿನ ಹಿರಿಯರು. ತಿಳಿದೇ ಹಾಕಿದ್ದಾರೆ ಅಂದ್ಕೊಂಡ್ವಿ.”

ಅದೇ ಮಧ್ಯಾಹ್ನ ವಸಿತಿ ಹ್ಯಾಡ್ರೆಲ್‌ರನ್ನು ಒಂದೇ ಪ್ರಶ್ನೆ ಕೇಳಿದರು: ಆ ಕೋಣೆಗೆ ಇವರಿಬ್ಬರನ್ನು ಆರಿಸಿದ್ದು ಯಾರು?

“ಸಮಿಸೋನಿ. ಒಳ್ಳೆಯ ಆಯ್ಕೆ ಅಂತ ನಾನೂ ಒಪ್ಪಿದೆ. ಇಬ್ಬರೂ ಕೆಲಸದ ಹೊತ್ತಲ್ಲಿ ಹರಟೆ ಹೊಡೆಯೋರಲ್ಲ ಅಂದಿದ್ದ.”

ಗೌಂಡರ್ ತಂದ ವಿವರವೂ ಹೊಂದಿಕೆಯಾಯಿತು. ಮೂವರದೂ ಒಂದೇ ಊರು. ಮೆರೆಯೋನಿಯ ಮದುವೆಗೆ ಊರಿನವರ ಉಡುಗೊರೆಯ ಚಾಪೆ ಹೊತ್ತು ತಂದವರಲ್ಲಿ ಸಮಿಸೋನಿಯೂ ಒಬ್ಬ.

ಬುಧವಾರ ಸಂಜೆ ಪಾಳಿ ಬಿಡುವ ಹೊತ್ತಿಗೆ ಪೊಲೀಸರು ಗೇಟಿಗೆ ಬಂದರು. ರಬ್ಬರ್ ಬೂಟು, ಬಿಳಿ ಟೋಪಿಯ ಹೆಂಗಸರು ಸಾಲುಸಾಲಾಗಿ ಹೊರಗೆ ಬರುತ್ತಿದ್ದರು. ಸಮಿಸೋನಿ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆದು ಬೀಳ್ಕೊಡುತ್ತಿದ್ದ. ಅವರೆಲ್ಲ ದಾಟುವವರೆಗೂ ವಸಿತಿ ಕಾದರು.

“ಆ ಕೋಣೆಯಲ್ಲಿ ಯಾರೂ ಜೋರಾಗಿ ಓದೋದಿಲ್ಲ ಅಂತ ನಿಮಗೆ ಗೊತ್ತಿತ್ತು.”

“ಗೊತ್ತಿತ್ತು.”

“ಟೈಪಾದ ಪುಟದಲ್ಲಿ ಸುಳ್ಳು ಸೇರಿಸಿದ್ದು?”

“ನಾನೇ. ಖಾಲಿ ಪೆಟ್ಟಿಗೆ ಜೋಡಿಸಿಟ್ಟಿದ್ದೂ ನಾನೇ.”

“ನಿಮಗೆ ಸಿಕ್ಕಿದ್ದೇನು?”

“ನನ್ನ ಸಂಬಳ. ಇವರ ಹಾಗೇ.” ಅವನು ರಸ್ತೆಯ ಕಡೆ ನೋಡಿದ. “ಈ ವರ್ಷ ದೋಣಿಗಳು ಅರ್ಧ ಖಾಲಿ ಬಂದವು. ಸ್ಟಾಕ್ ಕಡಿಮೆಯಾದ್ರೆ ಬಾಗಿಲು ಹಾಕ್ತೀವಿ ಅಂತ ಸಿಡ್ನಿಯವರು ಬರೆದಿದ್ರು. ಮುಂದಿನ ಹಂಗಾಮಿಗೆ ಮೀನು ಬರ್ತದೆ, ಅಲ್ಲೀವರೆಗೆ ತಳ್ಳಿದ್ರೆ ಸಾಕು ಅನ್ಕೊಂಡೆ, ಮಗಳೇ.”

“ದೂರಿನಲ್ಲಿ ಅವರಿಬ್ಬರ ಹೆಸರು ಬಂದಮೇಲಾದರೂ ಬಾಯಿ ಬಿಡಬಹುದಿತ್ತು.”

ಸಮಿಸೋನಿ ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡ.

“ಜೈಲಿಗೆ ಹೋದರೂ ಅವರು ಮಾತಾಡೋದಿಲ್ಲ ಅಂತ ನಂಬಿದ್ದಿರಿ,” ಎಂದರು ವಸಿತಿ. ಆರೂ ಹತ್ತಕ್ಕೆ ಅವನನ್ನು ಬಂಧಿಸಲಾಯಿತು. ಗೌಂಡರ್ ಬೇಡಿ ಹಾಕಿ, ಮೇಲೆ ಅವನದೇ ಕೋಟು ಹೊದಿಸಿದ. ಬಸ್ಸಿಗೆ ಕಾಯುತ್ತಿದ್ದ ಹೆಂಗಸರಿಗೆ ಕಾಣಬಾರದೆಂದು.

ಠಾಣೆಯಲ್ಲಿ ದೋಷಾರೋಪ ಪತ್ರ ಬರೆಯುವಾಗ ಗೌಂಡರ್ ತಡೆದ. “ಉದ್ದೇಶ ಏನಂತ ಬರೀಲಿ ಮೇಡಂ? ಲಾಭ ಅಂತಲಾ?”

“ಕಾರ್ಖಾನೆ ಮುಚ್ಚಬಾರದೆಂದು. ಅಷ್ಟೇ ಬರಿ.”

ಇಸಿಕೇಲಿ, ಮೆರೆಯೋನಿಯರ ಮೇಲೆ ಮೊಕದ್ದಮೆ ಬೀಳಲಿಲ್ಲ. ಓದದೆ ಸಹಿ ಹಾಕಿದ್ದಕ್ಕೆ ಕಂಪನಿ ಇಬ್ಬರನ್ನೂ ಕೆಲಸದಿಂದ ತೆಗೆಯಿತು. ಆ ದಿನ ಮೆರೆಯೋನಿ ಬಸ್ ನಿಲ್ದಾಣದ ಬೆಂಚಿನಲ್ಲಿ ಕುಳಿತಿದ್ದುದನ್ನು ವಸಿತಿ ಜೀಪಿನಿಂದ ಕಂಡರು. ಇಸಿಕೇಲಿ ಬನ್ನಿನ ಪೊಟ್ಟಣವೊಂದನ್ನು ಬೆಂಚಿನ ತುದಿಯಲ್ಲಿಟ್ಟು, ಬಿಸಿಲಿಗೆ ಹೋಗಿ, ಬೆನ್ನು ತಿರುಗಿಸಿ ನಿಂತ.

ಡಿಸೆಂಬರಿನಲ್ಲಿ, ಜಪ್ತಿ ಮಾಡಿದ್ದ ಬೀರುವಿನ ಕೀಲಿ ಹಿಂತಿರುಗಿಸಲು ವಸಿತಿ ಕಾರ್ಖಾನೆಗೆ ಹೋದರು. ಯಂತ್ರಗಳು ನಿಂತಿದ್ದವು. ಫ್ಯಾಕ್ಸ್ ಕೋಣೆಯಲ್ಲಿ ಹೊಸ ಗುಮಾಸ್ತರಿಬ್ಬರು ಸಿಡ್ನಿಗೆ ಹೋಗಬೇಕಾದ ಹಾಳೆ ಹಿಡಿದು ಕುಳಿತಿದ್ದರು. ಕೆಲಸ ಕಳೆದುಕೊಂಡ ಹೆಂಗಸರ ಹೆಸರುಗಳು. ಒಬ್ಬ ಜೋರಾಗಿ ಓದುತ್ತಿದ್ದ; ಇನ್ನೊಬ್ಬ ಸಾಲಿನ ಮೇಲೆ ಬೆರಳಿಟ್ಟು, ಒಂದೊಂದು ಹೆಸರಿಗೂ ‘ಸರಿ’ ಎನ್ನುತ್ತಿದ್ದ.